ಅಳಿವೆಯ ನೀರಿಗೆ ಕಯಾಕ್: ಗಾಳ ಹಾಕುವವರಿಗೆ ದೋಣಿ ಸಜ್ಜುಗೊಳಿಸುವ ಮಾರ್ಗದರ್ಶಿ

ಕಯಾಕ್, ಅಂದರೆ ಕುಳಿತು ಹುಟ್ಟು ಹಾಕುವ ಕಿರುದೋಣಿ, ಮನೆಗೆ ಬಂದ ವಾರದಲ್ಲೇ ಡ್ರಿಲ್ ಯಂತ್ರ ಕೈಗೆತ್ತಿಕೊಳ್ಳುವವರೇ ಹೆಚ್ಚು. ಗಾಳದ ಕೋಲು ಸಿಕ್ಕಿಸಲು ನಾಲ್ಕು ರಾಡ್ ಹೋಲ್ಡರ್, ನೀರಿನೊಳಗಿನ ಮೀನು ತೋರಿಸುವ ಫಿಶ್ ಫೈಂಡರ್, ಮೊಬೈಲ್ ಸ್ಟ್ಯಾಂಡ್, ಕ್ಯಾಮೆರಾಕ್ಕೊಂದು ಕಂಬ. ವಿಡಿಯೊಗಳಲ್ಲಿ ಕಂಡದ್ದೆಲ್ಲ ದೋಣಿಯನ್ನೇರುತ್ತದೆ. ಹುಟ್ಟು ಬೀಸಲು ಜಾಗವೇ ಉಳಿದಿಲ್ಲವೆಂದು ತಿಳಿಯುವುದು ನೀರಿಗಿಳಿದ ಮೇಲೆ. ಕರಾವಳಿಯ ಯಾವುದಾದರೂ ಪಾತಿ ದೋಣಿಯೊಳಗೆ ಒಮ್ಮೆ ಇಣುಕಿ ನೋಡಿ. ಒಂದು ಹುಟ್ಟು, ಒಂದು ಗಳ, ಹಗ್ಗ ಕಟ್ಟಿದ ಕಲ್ಲು, ಬಲೆ ಅಥವಾ ಗಾಳದ ಸುರುಳಿ, ಒಳಗೆ ನಿಂತ ನೀರನ್ನು ಮೊಗೆದು ಚೆಲ್ಲಲು ಒಂದು ಡಬ್ಬಿ. ಮನೆ ನಡೆಸುವಷ್ಟು ಮೀನನ್ನು ಅವರು ಇಷ್ಟರಲ್ಲೇ ಹಿಡಿಯುತ್ತಾರೆ. ಆದ್ದರಿಂದ ಈ ಬರಹದಲ್ಲಿ ನನ್ನ ಕ್ರಮ ಹೀಗಿದೆ: ಮೊದಲು ಜೀವ ಉಳಿಸುವ ಸಾಮಾನು, ಆಮೇಲೆ ದೋಣಿಯನ್ನು ನಿಂತಲ್ಲಿ ನಿಲ್ಲಿಸುವ ಸಾಮಾನು, ಅದರ ನಂತರ ಗಾಳ. ಬ್ಯಾಟರಿ ಬೇಡುವ ವಸ್ತುಗಳು ಕೊನೆಗೆ, ಅದೂ ಬೇಕೆನಿಸಿದರೆ.

ಇಲ್ಲಿ ಹೇಳುವುದು ಉಡುಪಿ ಜಿಲ್ಲೆಯ ಅಳಿವೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು: ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರ ಸೇರುವ ಕೋಡಿಬೆಂಗ್ರೆ, ಹಂಗಾರಕಟ್ಟೆ, ಸಾಲಿಗ್ರಾಮದ ಬಳಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಹಿನ್ನೀರು, ಕುಂದಾಪುರ ಮತ್ತು ಗಂಗೊಳ್ಳಿಯ ನಡುವೆ ಹರಡಿರುವ ಪಂಚಗಂಗಾವಳಿ. ಹೊನ್ನಾವರದ ಶರಾವತಿಗೂ ಕುಮಟಾ ಕಡೆಯ ಅಘನಾಶಿನಿಗೂ ಕಾರವಾರದ ಕಾಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ತೆರೆದ ಕಡಲಿಗೆ ಹೊಂದುವುದಿಲ್ಲ. ಅಳಿವೆ ಬಾಗಿಲು ದಾಟಿ ಹೊರಗೆ ಹೋಗುವುದು ಬೇರೆಯದೇ ವಿದ್ಯೆ.

ಯಾವ ಕಯಾಕ್ ಕೊಳ್ಳಬೇಕು?

ಕಾಲನ್ನು ಒಳಗೆ ತೂರಿಸಿ ಕೂರುವ ಬಗೆಯದು ಬೇಡ. ಮಗುಚಿದರೆ ಅದರೊಳಗೆ ನೀರು ತುಂಬುತ್ತದೆ, ನಡುನೀರಿನಲ್ಲಿ ಖಾಲಿ ಮಾಡುವುದು ಕಷ್ಟ. ಮೇಲೆ ಕೂರುವ ಬಗೆಯದಕ್ಕೆ ಒಡಲೆಲ್ಲ ಮುಚ್ಚಿರುತ್ತದೆ. ಕೂರುವ ಜಾಗದಿಂದ ತಳದವರೆಗೆ ಸ್ಕಪ್ಪರ್ ಎನ್ನುವ ಆರೆಂಟು ತೂತುಗಳಿದ್ದು, ಒಳಗೆ ಬಿದ್ದ ನೀರು ತಾನೇ ಇಳಿದು ಹೋಗುತ್ತದೆ. ಅಳಿವೆಗೆ ಹತ್ತರಿಂದ ಹನ್ನೆರಡು ಅಡಿ ಉದ್ದ, ಸುಮಾರು 32 ಇಂಚು ಅಗಲ ಸಾಕು. ಇನ್ನೂ ಅಗಲವಾದದ್ದರಲ್ಲಿ ಎದ್ದು ನಿಂತು ಗಾಳ ಎಸೆಯಬಹುದು ನಿಜ, ಆದರೆ ಎದುರುಗಾಳಿಯಲ್ಲಿ ಅದನ್ನು ಎಳೆದು ತರುವಾಗ ಭುಜ ಹೇಳುವ ಮಾತೇ ಬೇರೆ.

ತಯಾರಕರು ಬರೆದಿರುವ ಗರಿಷ್ಠ ಭಾರದಲ್ಲಿ ನಿಮ್ಮ ತೂಕವೂ ಸೇರಿದೆ ಎಂಬುದನ್ನು ಮರೆಯಬೇಡಿ. ಅದರ ಶೇಕಡ 70ರ ಒಳಗಿದ್ದರೆ ದೋಣಿ ಚೆನ್ನಾಗಿ ಸಾಗುತ್ತದೆ. ನಿಮ್ಮ ತೂಕ 75 ಕಿಲೊ, ಸಾಮಾನು 15 ಕಿಲೊ ಎಂದಾದರೆ ಕನಿಷ್ಠ 130 ಕಿಲೊ ಹೊರುವ ಕಯಾಕ್ ಬೇಕು. ದೋಣಿಯ ಸ್ವಂತ ತೂಕವನ್ನೂ ವಿಚಾರಿಸಿ. ಮೂವತ್ತು ಕಿಲೊವನ್ನು ಒಬ್ಬರೇ ಕಾರಿನ ಮೇಲೆ ಏರಿಸಬಹುದು, ನಲವತ್ತೈದು ಕಿಲೊಗೆ ಇನ್ನೊಬ್ಬರು ಬೇಕು.

ಕಾಲಿನಿಂದ ತುಳಿಯುವ ಪೆಡಲ್ ಕಯಾಕ್‌ಗಳು 1997ರಲ್ಲಿ ಹೋಬಿ ಕಂಪನಿ ತನ್ನ ಮಿರಾಜ್ ಡ್ರೈವ್ ತಂದ ಮೇಲೆ ಜನಪ್ರಿಯವಾದವು. ಕೈ ಎರಡೂ ಗಾಳಕ್ಕೆ ಸಿಗುತ್ತವೆ ಎಂಬುದು ದೊಡ್ಡ ಲಾಭ. ಆದರೆ ಬೆಲೆ ಹಲವು ಪಟ್ಟು. ನೀರಿಳಿದಾಗ ಸಿಂಪಿ ಬಂಡೆ, ಕೆಸರು ದಿಬ್ಬಗಳು ಮೇಲೇಳುವ ನಮ್ಮ ಅಳಿವೆಗಳಲ್ಲಿ ದೋಣಿಯಡಿ ಚಾಚಿಕೊಂಡ ರೆಕ್ಕೆ ಅಥವಾ ಪ್ರೊಪೆಲ್ಲರ್‌ಗೆ ಪೆಟ್ಟು ಬೀಳುವುದೂ ಹೆಚ್ಚು. ಎರಡಲಗಿನ ಹುಟ್ಟಿನಿಂದಲೇ ಶುರು ಮಾಡಿ. ಅಗಲವಾದ ಮೀನುಗಾರಿಕೆ ಕಯಾಕ್‌ಗೆ 240ರಿಂದ 260 ಸೆಂಟಿಮೀಟರ್ ಉದ್ದದ ಹುಟ್ಟು ಬೇಕು. ಅದಕ್ಕಿಂತ ಚಿಕ್ಕದಾದರೆ ಪ್ರತಿ ಬೀಸಿಗೂ ಬೆರಳ ಗೆಣ್ಣು ದೋಣಿಯ ಅಂಚಿಗೆ ತಾಗುತ್ತದೆ.

ಗಾಳಿ ತುಂಬುವ ಕಯಾಕ್ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಅನುಕೂಲ, ಮಡಚಿ ಡಿಕ್ಕಿಯಲ್ಲಿಟ್ಟರಾಯಿತು. ಮರಳು ತಳವಿರುವ ಕಡೆ ಬಳಸಬಹುದು. ಸಿಂಪಿ, ಗಾಳದ ಮೊನೆ, ತೇಡೆ (ಕ್ಯಾಟ್‌ಫಿಶ್) ಮೀನಿನ ಮುಳ್ಳು ಮೂರೂ ಇರುವ ಕಡೆ ನಾನಂತೂ ಅದನ್ನು ಸೂಚಿಸುವುದಿಲ್ಲ.

ಹಳೆಯದನ್ನು ಕೊಳ್ಳುವುದಾದರೆ ಒಂದು ಪರೀಕ್ಷೆ ಮಾಡಿ. ಕಯಾಕನ್ನು ಎರಡು ಸ್ಟೂಲಿನ ಮೇಲಿಟ್ಟು, ಮುಚ್ಚಳ ತೆಗೆದು ಒಡಲೊಳಗೆ ಒಂದು ಬಕೆಟ್ ನೀರು ಹೊಯ್ಯಿರಿ. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಲಾಡಿಸಿ, ತಳವನ್ನು ಒಣಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಕಾಯಿರಿ. ಬಿರುಕು ಬಿಡುವುದು ಹೆಚ್ಚಾಗಿ ಎರಡು ಕಡೆ: ಸ್ಕಪ್ಪರ್ ತೂತಿನ ಸುತ್ತ ಮತ್ತು ನೆಲಕ್ಕೆ ಉಜ್ಜಿ ಸವೆದ ಹಿಂಬದಿಯ ತಳ. ಅಲ್ಲಿ ಹನಿ ಮೂಡಿದರೆ ಬೆಲೆ ಚೌಕಾಸಿ ಬೇಡ, ಬೇರೆ ದೋಣಿ ನೋಡಿ. ಈ ದೋಣಿಗಳು ಪಾಲಿಎಥಿಲೀನ್‌ನವು. ಸಾಮಾನ್ಯ ಅಂಟು ಅದಕ್ಕೆ ಹಿಡಿಯುವುದಿಲ್ಲ, ಬಿಸಿ ಮಾಡಿ ಬೆಸೆಯಬೇಕು.

ಮೊದಲ ಖರ್ಚು ಮೈಮೇಲೆ

ಪ್ರವಾಸಿ ದೋಣಿಗಳಲ್ಲಿ ಕೊಡುವ ಉಬ್ಬಿದ ಕಿತ್ತಳೆ ಜಾಕೆಟ್ ತೊಟ್ಟು ಗಂಟೆಗಟ್ಟಲೆ ಹುಟ್ಟು ಹಾಕಲಾಗದು. ಅರ್ಧ ಗಂಟೆಗೆ ಅದು ಸೀಟಿನ ಹಿಂದೆ ಸೇರುತ್ತದೆ. ಕನಿಷ್ಠ 50 ನ್ಯೂಟನ್ ತೇಲುವಿಕೆಯ, ಭುಜ ತೆರೆದಿರುವ, ಬೆನ್ನಿನ ಮೇಲ್ಭಾಗದಲ್ಲಷ್ಟೇ ದಪ್ಪವಿರುವ ಲೈಫ್ ಜಾಕೆಟ್ ಕೊಳ್ಳಿ. ತೊಟ್ಟು ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರಿಂದ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಕಿವಿಯವರೆಗೆ ಏರಿದರೆ ಅಳತೆ ತಪ್ಪಿದೆ. ಈಜು ಬಂದರೂ ತೊಡಬೇಕು, ಮೊಣಕಾಲು ನೀರಿನಲ್ಲೂ ತೊಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಜಾಕೆಟ್‌ಗೆ ಒಂದು ಸೀಟಿ, ಮೊಂಡು ತುದಿಯ ಸಣ್ಣ ಚಾಕು, ನೀರು ಹೋಗದ ಚೀಲದಲ್ಲಿ ಮೊಬೈಲ್. ಚಾಕು ಮೀನು ಕೊಯ್ಯಲಿಕ್ಕಲ್ಲ, ಕಾಲಿಗೆ ಸುತ್ತಿದ ಹಗ್ಗ ಅಥವಾ ಬಲೆ ಕತ್ತರಿಸಲಿಕ್ಕೆ. ಮೊಬೈಲ್ ದೋಣಿಯಲ್ಲಿ ಇರಬಾರದು; ದೋಣಿ ತಪ್ಪಿಸಿಕೊಂಡು ಹೋದಾಗಲೇ ಅದು ಬೇಕಾಗುವುದು. ಕರಾವಳಿ ರಕ್ಷಣಾ ಪಡೆಯ 1554 ಮತ್ತು ತುರ್ತು ಸೇವೆಯ 112 ಸಂಖ್ಯೆಗಳನ್ನು ಅದರಲ್ಲಿ ಹಾಕಿಟ್ಟಿರಿ. ನಸುಕಿಗೆ ಮೊದಲು ಹೊರಡುವುದಾದರೆ ತಲೆಗೆ ಕಟ್ಟುವ ದೀಪವಿರಲಿ. ಗಂಗೊಳ್ಳಿಯಂಥ ಕಡೆ ಬಂದರಿಗೆ ಬರುವ ಯಾಂತ್ರಿಕ ದೋಣಿಗಳ ಕಣ್ಣಿಗೆ ಹಸಿರು ಕಯಾಕ್ ಬೀಳುವುದೇ ಇಲ್ಲ. ಬಣ್ಣ ಆರಿಸುವ ಅವಕಾಶವಿದ್ದರೆ ಹಳದಿ ಅಥವಾ ಕಿತ್ತಳೆ ಆರಿಸಿ. ಮೀನಿಗೆ ಅದರಿಂದ ಏನೂ ವ್ಯತ್ಯಾಸವಾಗದು.

ಒಂದೇ ಒಂದು ರಾಡ್ ಕೂಡ ಕೊಳ್ಳುವ ಮೊದಲು, ಎದೆಮಟ್ಟದ ಶಾಂತ ನೀರಿನಲ್ಲಿ ಜೊತೆಗಾರರೊಬ್ಬರನ್ನು ನಿಲ್ಲಿಸಿಕೊಂಡು ಬೇಕೆಂದೇ ದೋಣಿ ಮಗುಚಿ. ಮಗುಚಿದ ದೋಣಿಯ ಪಕ್ಕಕ್ಕೆ ಬಂದು, ತಳದ ಮೇಲೆ ಕೈಚಾಚಿ ಆಚೆಯ ಹಿಡಿಕೆಯನ್ನು ಹಿಡಿದು, ಹಿಂದಕ್ಕೆ ಒರಗಿದರೆ ಅದು ನೆಟ್ಟಗಾಗುತ್ತದೆ. ಈಗ ಸೀಟಿನ ಪಕ್ಕದಲ್ಲಿ ನೀರಿನ ಮೇಲೆ ಮೈ ಮಲಗಿಸಿ ಕಾಲು ಬಡಿಯಿರಿ. ಕಾಲು ಕೆಳಗೆ ಜೋತು ಬಿದ್ದಿದ್ದರೆ ಮೇಲೇರುವ ಪ್ರಯತ್ನದಲ್ಲಿ ದೋಣಿ ಮತ್ತೆ ನಿಮ್ಮ ಮೇಲೇ ಬೀಳುತ್ತದೆ. ಮೈ ಅಡ್ಡವಾಗಿ ತೇಲಿದ ಮೇಲೆ ದೋಣಿಯನ್ನು ಹೊಟ್ಟೆಯಡಿಗೆ ಎಳೆದುಕೊಳ್ಳಬೇಕು. ಮೊದಲು ಹೊಟ್ಟೆ ಸೀಟಿನ ಮೇಲೆ, ಆಮೇಲೆ ಮಗ್ಗುಲಾಗಿ ಕುಳಿತುಕೊಳ್ಳುವುದು, ಕೊನೆಗೆ ಕಾಲು ಒಳಕ್ಕೆ. ಎರಡೂ ಪಕ್ಕದಿಂದ ಸುಲಭವಾಗುವವರೆಗೆ ಮಾಡಿ. ರಾಡ್ ಹೋಲ್ಡರ್‌ಗಳನ್ನು ಎಲ್ಲಿ ಕೂರಿಸಬಾರದು ಎಂಬುದೂ ಈ ಅಭ್ಯಾಸದಲ್ಲೇ ಗೊತ್ತಾಗುತ್ತದೆ, ಏಕೆಂದರೆ ಹೊಟ್ಟೆ ಜಾರುವ ದಾರಿಯಲ್ಲಿ ಕಬ್ಬಿಣ ಇರಕೂಡದು.

ಟೇಪ್ ಅಂಟಿಸಿ, ಆಮೇಲೆ ಕೊರೆಯಿರಿ

ಮೊದಲ ಕೆಲವು ಸಲ ಬರಿಯ ದೋಣಿಯಲ್ಲೇ ಸುತ್ತಾಡಿ. ಆಮೇಲೆ ದೋಣಿಯನ್ನು ಅಂಗಳದಲ್ಲಿಟ್ಟು, ಜಾಕೆಟ್ ತೊಟ್ಟು, ಸೀಟಿನಲ್ಲಿ ಕುಳಿತು, ಹುಟ್ಟು ಬೀಸುತ್ತಾ ಕೈ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ಗಮನಿಸಿ. ಕೈ ಹಾಯದ, ಆದರೆ ಸೊಂಟ ತಿರುಗಿಸದೆ ಕೈಗೆಟಕುವ ಜಾಗಗಳಿಗೆ ಕಾಗದದ ಟೇಪ್ ಅಂಟಿಸಿ ಗುರುತು ಮಾಡಿ. ಹಾಗೆಯೇ ಒಂದೆರಡು ಸಲ ನೀರಿಗೂ ಹೋಗಿ ಬನ್ನಿ. ಗುರುತುಗಳಲ್ಲಿ ಅರ್ಧ ಸ್ಥಳ ಬದಲಾಯಿಸುತ್ತವೆ. ಟೇಪ್ ಕಿತ್ತು ಅಂಟಿಸಬಹುದು, ತೂತನ್ನು ಹಾಗೆ ಮಾಡಲಾಗದು.

ಕೊರೆಯುವಾಗ ಬಿಟ್‌ನ ತುದಿಯಿಂದ ಒಂದು ಸೆಂಟಿಮೀಟರ್ ಬಿಟ್ಟು ಟೇಪ್ ಸುತ್ತಿ. ಅದಕ್ಕಿಂತ ಆಳಕ್ಕೆ ಹೋಗಬಾರದು, ಒಳಗಿನ ಸ್ಕಪ್ಪರ್ ಕೊಳವೆಗೆ ತೂತಾದರೆ ದೋಣಿ ಕೆಟ್ಟಂತೆ. ತಿರುಪುಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು. ಸಾಮಾನ್ಯ ತಿರುಪು ಉಪ್ಪುನೀರಿನಲ್ಲಿ ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕಿನ ಕಂಬನಿ ಸುರಿಸುತ್ತದೆ. ಒಳಗೆ ಕೈ ಹೋಗುವ ಕಡೆ ವಾಷರ್ ಮತ್ತು ನಟ್, ಹೋಗದ ಕಡೆ ರಬ್ಬರಿನ ವೆಲ್ ನಟ್. ಇದು ಬಿಗಿದಂತೆ ಒಳಗೆ ಉಬ್ಬಿ ತೂತನ್ನೂ ಮುಚ್ಚುತ್ತದೆ. ತಿರುಪಿನ ಸುತ್ತ ಸಮುದ್ರ ಬಳಕೆಯ ಸೀಲಂಟ್ ಹಚ್ಚಿ ಒಂದು ದಿನ ಒಣಗಲು ಬಿಡಿ.

ಮುಂದೆ ಒಂದು ಹೊಂದಿಸಬಹುದಾದ ರಾಡ್ ಹೋಲ್ಡರ್, ಸೀಟಿನ ಹಿಂದೆ ಎರಡು. ಇದರಾಚೆಗೆ ಬೇಡ. ಹಿಂದಿನ ಎರಡನ್ನು ಕೊರೆಯುವ ಅಗತ್ಯವೂ ಇಲ್ಲ: ಒಂದು ಪ್ಲಾಸ್ಟಿಕ್ ಕ್ರೇಟಿಗೆ ಎರಡು ತುಂಡು ಪಿವಿಸಿ ಪೈಪನ್ನು ಕೇಬಲ್ ಟೈನಿಂದ ಬಿಗಿದು, ಕ್ರೇಟನ್ನು ಸ್ಥಿತಿಸ್ಥಾಪಕ ಹಗ್ಗದಿಂದ ಹಿಂಬದಿಯ ಕುಳಿಯಲ್ಲಿ ಕಟ್ಟಿದರೆ ಕೆಲಸ ಮುಗಿಯಿತು. ಹಾಲಿನ ಬೂತಿನ ಕ್ರೇಟ್ ಅಳತೆಯಲ್ಲಿ ಹೇಳಿ ಮಾಡಿಸಿದಂತಿದ್ದರೂ ಅದು ಡೇರಿಯ ಆಸ್ತಿ. ಪ್ಲಾಸ್ಟಿಕ್ ಅಂಗಡಿಯಲ್ಲಿ ಅಂಥದೇ ಸಿಗುತ್ತದೆ. ಹುಟ್ಟಿಗೂ ಪ್ರತಿ ರಾಡಿಗೂ ಸುರುಳಿ ದಾರ ಕಟ್ಟಿ ದೋಣಿಗೆ ಸಿಕ್ಕಿಸಿ. ಕಟ್ಟದ ವಸ್ತು ನಿಮ್ಮದಲ್ಲ, ನದಿಯದು.

ದೋಣಿಯನ್ನು ನಿಲ್ಲಿಸುವುದು

ಕಯಾಕ್ ಮೀನುಗಾರಿಕೆಯ ಅರ್ಧ ಕೆಲಸ ಇದು, ಮತ್ತು ಹೊಸಬರು ಎಲ್ಲಕ್ಕಿಂತ ಕಡಿಮೆ ಯೋಚಿಸುವುದೂ ಇದನ್ನೇ. ಅಳಿವೆಯ ನೀರು ಸುಮ್ಮನಿರುವುದಿಲ್ಲ. ಗಾಳ ಎಸೆದು ರೀಲ್ ಸುತ್ತುವಷ್ಟರಲ್ಲಿ ನೀವು ಮೀನಿದ್ದ ಜಾಗ ಬಿಟ್ಟು ಮುಂದೆ ಸಾಗಿರುತ್ತೀರಿ.

ಕೆಸರು ತಳದ, ಒಂದೂವರೆ ಮೀಟರಿಗಿಂತ ಕಡಿಮೆ ಆಳದ ಕಡೆ ಬಿದಿರಿನ ಗಳಕ್ಕೆ ಸಮನಾದದ್ದಿಲ್ಲ. ಎರಡೂವರೆ ಮೀಟರ್ ಉದ್ದದ ಗಟ್ಟಿ ಬಿದಿರನ್ನು ಚೂಪು ಮಾಡಿ ಕೆಸರಿಗೆ ಊರಿ, ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟಿನಿಂದ ದೋಣಿಯ ತುದಿಗೆ ಕಟ್ಟಿ. ಕಾಂಡ್ಲಾ ಬೇರಿಗೆ ದೋಣಿ ಕಟ್ಟಿ ಎಳೆದಾಡಬೇಡಿ. ಸಿಗಡಿ ಮರಿಯೂ ಮೀನಿನ ಮರಿಯೂ ಬೆಳೆಯುವುದು ಆ ಬೇರುಗಳ ನಡುವೆಯೇ.

ಆಳದ ಕಡೆಗೆ ಒಂದೂವರೆ ಕಿಲೊ ತೂಕದ, ಮಡಚುವ ನಾಲ್ಕು ಕೊಕ್ಕೆಯ ಲಂಗರು ಸಾಕು. ಹಗ್ಗ ಆಳದ ಮೂರು ನಾಲ್ಕು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಲಂಗರು ಮಲಗದೆ ಜಾರುತ್ತದೆ. ಈಗ ಮುಖ್ಯ ಮಾತು: ಲಂಗರಿನ ಹಗ್ಗವನ್ನು ಸೀಟಿನ ಪಕ್ಕಕ್ಕೆ ಎಂದೂ ಕಟ್ಟಬಾರದು. ಹರಿವು ಅಡ್ಡಲಾಗಿ ಬಡಿದು ಅಂಚು ಕೆಳಗೆ ಎಳೆದರೆ ದೋಣಿ ಕ್ಷಣದಲ್ಲಿ ಮಗುಚುತ್ತದೆ. ಹಗ್ಗ ಮೂತಿಯಿಂದಲೋ ಬಾಲದಿಂದಲೋ ಹೊರಡಬೇಕು. ಕುಳಿತಲ್ಲಿಂದ ಅದು ಕೈಗೆಟಕುವುದಿಲ್ಲವಾದ್ದರಿಂದ ಆಂಕರ್ ಟ್ರಾಲಿ ಎಂಬ ಏರ್ಪಾಟು. ಮೂತಿಯಲ್ಲೊಂದು, ಬಾಲದಲ್ಲೊಂದು ಸಣ್ಣ ರಾಟೆ. ಎರಡನ್ನೂ ಸುತ್ತಿಬರುವ ದಾರ ದೋಣಿಯ ಒಂದು ಪಕ್ಕದಲ್ಲಿ. ದಾರದ ನಡುವೆ ಒಂದು ಉಂಗುರ. ಲಂಗರಿನ ಹಗ್ಗವನ್ನು ಉಂಗುರದೊಳಗಿಂದ ತೂರಿಸಿ ನೀರಿಗೆ ಬಿಟ್ಟು, ದಾರ ಎಳೆದರೆ ಉಂಗುರ ಬೇಕಾದ ತುದಿಗೆ ಹೋಗುತ್ತದೆ. ಹಗ್ಗದ ಇನ್ನೊಂದು ತುದಿ ಕೈಯಳತೆಯ ಕ್ಲೀಟಿನಲ್ಲಿ, ಅಂದರೆ ಹಗ್ಗ ಸಿಕ್ಕಿಸುವ ಹಿಡಿಕೆಯಲ್ಲಿ.

ಆ ತುದಿಗೆ ಬಲೆಗೆ ಕಟ್ಟುವಂಥ ಬೆಂಡೊಂದು ಇರಲಿ. ದೊಡ್ಡ ಮೀನು ಕಚ್ಚಿ ಓಡಿದರೆ ಅಥವಾ ಎದುರಿನಿಂದ ದೋಣಿ ಬಂದರೆ ಹಗ್ಗವನ್ನು ಕ್ಲೀಟಿನಿಂದ ಬಿಡಿಸಿ ಎಸೆದು ಹೊರಡಿ, ಆಮೇಲೆ ಬಂದು ಬೆಂಡು ಹಿಡಿದು ಲಂಗರೆತ್ತಬಹುದು. ಮಲ್ಪೆ, ಗಂಗೊಳ್ಳಿಯ ಬಂದರಿನ ಬಳಿ ಬಲೆ ಸಾಮಾನಿನ ಅಂಗಡಿಗಳಲ್ಲಿ ಬೆಂಡು, ಹಗ್ಗ, ಕೊಕ್ಕೆ ಸಿಗುತ್ತವೆ. ಕಯಾಕ್ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಮಾರುವುದಕ್ಕಿಂತ ಅವು ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಹರಿವು ಬಿರುಸಾಗಿರುವಾಗ, ಅದರಲ್ಲೂ ಸೇತುವೆ ಕಂಬಗಳ ಬಳಿ, ಲಂಗರೇ ಹಾಕಬೇಡಿ.

ರಾಡ್, ದಾರ, ಎರೆ

ಆರೂವರೆಯಿಂದ ಏಳಡಿಯ ಮಧ್ಯಮ ಬಿಗುವಿನ ರಾಡ್, 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲ್, 20ರಿಂದ 30 ಪೌಂಡ್ ಬಲದ ಹೆಣೆದ ದಾರ. ಅದರ ತುದಿಗೆ ಒಂದು ಮಾರು ಉದ್ದದ 40 ಪೌಂಡ್ ತಂಗೂಸಿ, ಅಂದರೆ ಒಂಟಿ ಎಳೆಯ ನೈಲಾನ್ ದಾರ. ಹೆಣೆದ ದಾರ ಸಿಂಪಿಗೆ ತಾಗಿದರೆ ಕತ್ತರಿಸಿದಂತೆ ತುಂಡಾಗುತ್ತದೆ, ತಂಗೂಸಿ ಸ್ವಲ್ಪ ತಡೆದುಕೊಳ್ಳುತ್ತದೆ. ರೀಲಿನ ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗುವನ್ನು, ದಾರದ ಬಲದ ಕಾಲು ಭಾಗಕ್ಕೆ ಹೊಂದಿಸಿ. ಅದಕ್ಕಿಂತ ಬಿಗಿಯಾದರೆ ಮೀನು ದಾರ ಎಳೆಯುವ ಬದಲು ರಾಡನ್ನೇ ಅಡ್ಡಕ್ಕೆ ಎಳೆದು ನಿಮ್ಮ ಸಮತೋಲ ತಪ್ಪಿಸುತ್ತದೆ.

ಅಳಿವೆಯ ದೊಡ್ಡ ಆಸೆ ಕುರುಡಿ, ಅಂದರೆ ಸೀಬಾಸ್. ಅದಾದ ಮೇಲೆ ಕೆಂಬೇರಿ, ಅಂದರೆ ರೆಡ್ ಸ್ನ್ಯಾಪರ್. ಎರಡೂ ಬೇರು, ಕಂಬ, ಬಂಡೆಗಳ ನೆರಳಿನಲ್ಲಿ ಹೊಂಚುತ್ತವೆ. ನಾಲ್ಕಿಂಚಿನ ಮೆತ್ತನೆಯ ರಬ್ಬರ್ ಮೀನನ್ನು ಭಾರದ ಕೊಕ್ಕೆಗೆ ಸಿಕ್ಕಿಸಿ ಬೇರಿನ ಅಂಚಿಗೆ ಎಸೆದು, ತಳ ಮುಟ್ಟಿಸಿ, ನಿಧಾನ ಕುಪ್ಪಳಿಸುವಂತೆ ಎಳೆಯಿರಿ. ಜೀವಂತ ಸಿಗಡಿಗೆ ಇನ್ನೂ ಬೇಗ ಕಚ್ಚುತ್ತವೆ. ಮರಳು ತಳದ ಕಡೆ ಸಣ್ಣ ಕೊಕ್ಕೆ, ಸಿಗಡಿ ಚೂರು ಹಾಕಿ ತಳದಲ್ಲಿ ಬಿಟ್ಟರೆ ಕಾಣೆ ಸಿಗಬಹುದು. ತವಾದ ಮೇಲೆ ಕಾಣೆಗೆ ಸರಿಸಾಟಿ ಇಲ್ಲ ಎನ್ನುವವರಲ್ಲಿ ನಾನೂ ಒಬ್ಬ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಮುಂದಿನ ಹೋಲ್ಡರಿನಲ್ಲಿ ರಾಡಿಟ್ಟು ಹದಿನೈದಿಪ್ಪತ್ತು ಮೀಟರ್ ಹಿಂದೆ ಕೃತಕ ಮೀನನ್ನು ಎಳೆದುಕೊಂಡೇ ಹೋಗಿ. ಬಲೆಯ ಬೆಂಡು ಕಂಡರೆ ಮೊದಲೇ ಸುತ್ತಿಕೊಳ್ಳಿ.

ಫಿಶ್ ಫೈಂಡರ್ ಬೇಕೇ? ಮೂರ್ನಾಲ್ಕು ಮೀಟರ್ ಆಳದ ಅಳಿವೆಯಲ್ಲಿ ಅದು ತೋರಿಸುವುದು ಹೆಚ್ಚಾಗಿ ತಳದ ಏರಿಳಿತವನ್ನು. ನೀರು ಪೂರ್ತಿ ಇಳಿದ ಹೊತ್ತಿಗೆ ದಡದಲ್ಲಿ ನಿಂತು ನೋಡಿದರೆ ಅದೇ ಏರಿಳಿತ ಬರಿಗಣ್ಣಿಗೆ ಕಾಣುತ್ತದೆ. ಹಾಗೊಂದು ದಿನ ಕ್ಯಾಮೆರಾ ಹಿಡಿದು ಹೋಗಿ ದಿಬ್ಬ, ಗುಂಡಿ, ಬಿದ್ದ ಮರಗಳ ಚಿತ್ರ ತೆಗೆದಿಟ್ಟುಕೊಳ್ಳಿ.

ನೀರು, ಗಾಳಿ, ಹೊತ್ತು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹರಿವು ಜೋರು. ಹೊಸಬರು ಅಷ್ಟಮಿಯ ಹತ್ತಿರದ ದಿನಗಳನ್ನು ಆರಿಸಿಕೊಳ್ಳಲಿ, ಅದೂ ನೀರು ಏರುವ ಹೊತ್ತಿನಲ್ಲಿ. ಏರುವ ನೀರು ನಿಮ್ಮನ್ನು ಕೊಂಡೊಯ್ದರೂ ಊರೊಳಗೆ ಕೊಂಡೊಯ್ಯುತ್ತದೆ. ಇಳಿಯುವ ನೀರು ಸಾಗಿಸುವುದು ಅಳಿವೆ ಬಾಗಿಲಿಗೆ. ಅಲ್ಲಿ ಹೊರಹೋಗುವ ಹರಿವಿಗೆ ಒಳಬರುವ ಅಲೆ ಎದುರಾಗಿ ನೀರು ನಿಂತಲ್ಲೇ ಎದ್ದು ಒಡೆಯುತ್ತಿರುತ್ತದೆ.

ಮೀನಿನ ಲೆಕ್ಕ ಮಾತ್ರ ಇದಕ್ಕೆ ತಿರುಗುಮುರುಗು. ನೀರು ಇಳಿಯತೊಡಗಿದಾಗ ಕಾಂಡ್ಲಾ ನಡುವಿನಿಂದ ಸಿಗಡಿ, ಮರಿಮೀನುಗಳು ಸಣ್ಣ ತೋಡುಗಳ ಮೂಲಕ ಹೊರಬರುತ್ತವೆ, ಕುರುಡಿ ತೋಡಿನ ಬಾಯಲ್ಲೇ ಕಾದಿರುತ್ತದೆ. ಆ ಹೊತ್ತು ಬೇಕೆಂದರೆ ಬಾಗಿಲಿನಿಂದ ದೂರದ, ಮೇಲ್ಭಾಗದ ತೋಡುಗಳಲ್ಲಿ ಹಾಕಿ. ಇಳಿತದ ಮೊದಲ ಗಂಟೆಯಲ್ಲೇ ಮುಗಿಸಿ ಬನ್ನಿ, ಇಲ್ಲವಾದರೆ ಕೆಸರಿನ ಮೇಲೆ ಕುಳಿತು ಮುಂದಿನ ಭರತಕ್ಕೆ ಕಾಯಬೇಕು.

ಚಳಿಗಾಲದ ಬೆಳಗ್ಗೆ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ನೀರು ಕನ್ನಡಿಯಂತಿರುವುದರಿಂದ ಅದು ನಿಮ್ಮನ್ನು ತಳ್ಳುತ್ತಿರುವುದು ಗೊತ್ತೇ ಆಗುವುದಿಲ್ಲ. ಹನ್ನೊಂದರ ಮೇಲೆ ಕಡಲ ಗಾಳಿ ಏಳುತ್ತದೆ, ಅಷ್ಟರಲ್ಲಿ ದಡ ಸೇರಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡ. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಯಾಕ್ ಆ ಆದೇಶದ ಗುರಿಯಲ್ಲದಿರಬಹುದು, ಆದರೆ ಕೆಂಪು ನೆರೆಗೆ ಆದೇಶ ಓದಲು ಬರುವುದಿಲ್ಲ.

ಮೀನು ಬಂದಾಗ

ಮೀನು ದೋಣಿಯಡಿಗೆ ನುಗ್ಗಿದರೆ ರಾಡಿನ ತುದಿಯನ್ನು ನೀರಿಗಿಳಿಸಿ ಮೂತಿಯನ್ನು ಸುತ್ತಿಸಿ ಆಚೆ ಪಕ್ಕಕ್ಕೆ ತನ್ನಿ. ಕೈಬಲೆಗೆ ಹಾಕುವಾಗ ತಲೆ ದೋಣಿಯ ಅಂಚನ್ನು ದಾಟಬಾರದು; ತಲೆ ಹೋದಲ್ಲಿಗೆ ಮೈ ಹೋಗುತ್ತದೆ. ಒಂದು ಕಾಲನ್ನು ಆಚೆ ಪಕ್ಕದ ನೀರಿಗೆ ಇಳಿಬಿಟ್ಟರೆ ಸಮತೋಲ ಸಿಗುತ್ತದೆ.

ಕುರುಡಿಯ ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಅಲ್ಲಿ ಬೆರಳು ಹಾಕಬೇಡಿ. ಕೆಳದವಡೆಯನ್ನು ಗ್ರಿಪ್ಪರಿನಿಂದ ಹಿಡಿಯಿರಿ. ತೇಡೆ ಸಿಕ್ಕಿದರೆ ಬೆನ್ನಿನ ಮತ್ತು ಎರಡೂ ಪಕ್ಕದ ಮುಳ್ಳು ವಿಷದ್ದು. ತೊರಕೆಯಾದರೆ (ಸ್ಟಿಂಗ್‌ರೇ) ದೋಣಿಗೆ ಎತ್ತಲೇಬೇಡಿ, ದಾರ ಕತ್ತರಿಸಿ. ಮುಳ್ಳು ಚುಚ್ಚಿದರೆ ಗಾಯವನ್ನು ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿದರೆ ನೋವು ಇಳಿಯುತ್ತದೆ. ಆದ್ದರಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದು ಚಹಾಕ್ಕೆ ಮಾತ್ರವಲ್ಲ. ಹದ ನೋಡುವಾಗ ನೋವಿಲ್ಲದ ಕೈಯನ್ನು ಮೊದಲು ಅದ್ದಿ. ಆಮೇಲೆ ವೈದ್ಯರಲ್ಲಿಗೆ ಹೋಗಿ, ಮುರಿದ ಮುಳ್ಳಿನ ಚೂರು ಒಳಗುಳಿದಿರಬಹುದು.

ತಿನ್ನುವ ಮೀನನ್ನು ಕೂಡಲೇ ಕಿವಿರು ಕೊಯ್ದು ರಕ್ತ ಹರಿಸಿ ಐಸಿಗೆ ಹಾಕಿ. ಸಣ್ಣ ಥರ್ಮೋಕೋಲ್ ಪೆಟ್ಟಿಗೆ ಕ್ರೇಟಿನೊಳಗೆ ಕೂರುತ್ತದೆ. ಸೀಬಾಸ್ ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ತೋಳುದ್ದದ್ದು ಸಿಕ್ಕಿತೆಂದರೆ ಅದು ಬಹುಮಟ್ಟಿಗೆ ಮೊಟ್ಟೆ ಇಡುವ ತಾಯಿ. ಚಿತ್ರ ತೆಗೆದು ಬಿಟ್ಟುಬಿಡಿ. ಒಂದೆರಡು ಕಿಲೊದ್ದೇ ರುಚಿಗೂ ಮೇಲು.

ಯಾರ ನೀರು, ಯಾರ ಬಲೆ

ಅಳಿವೆಯಲ್ಲಿ ಕಾಣುವ ಪಂಜರಗಳಲ್ಲಿ ಜನ ಸಾಲ ಮಾಡಿ ಕುರುಡಿ, ಕೆಂಬೇರಿ ಸಾಕುತ್ತಾರೆ. ಪಂಜರದ ಸುತ್ತ ಕಾಡುಮೀನು ಸೇರುವುದು ನಿಜ, ಆದರೂ ಅಲ್ಲಿ ಗಾಳ ಎಸೆಯುವುದು ಅನುಮಾನಕ್ಕೆ ದಾರಿ. ಬಲೆ ಬಿಟ್ಟಿರುವ ದೋಣಿಯವರನ್ನು ಕಂಡರೆ ದೂರದಿಂದಲೇ ಕೇಳಿ: ‘ಅಣ್ಣ, ಬಲೆ ಎಲ್ಲಿಯವರೆಗೆ ಇದೆ?’ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಎದೆಮಟ್ಟದ ನೀರಿನಲ್ಲಿ ಮುಳುಗೇಳುತ್ತಿರುತ್ತಾರೆ, ಅವರ ಬಳಿ ಕೃತಕ ಮೀನು ಎಸೆಯಬೇಡಿ.

ನದಿಯ ಮೇಲ್ಭಾಗಕ್ಕೆ, ಜಲಾಶಯಗಳಿಗೆ ಹೋಗುವ ಯೋಚನೆಯಿದ್ದರೆ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಮೀನು ಹಿಡಿಯುವ ಹಕ್ಕು ಪರವಾನಗಿ ಅಥವಾ ಗುತ್ತಿಗೆಯದು. ಅಭಯಾರಣ್ಯದೊಳಗಿನ ಹೊಳೆಗಳಲ್ಲಿ ಗಾಳ ಹಾಕುವಂತಿಲ್ಲ. ದಾಂಡೇಲಿ ಕಡೆಯ ಕಾಳಿಯಲ್ಲಿ ಮೊಸಳೆಗಳಿವೆ, ಕಾಲನ್ನು ನೀರಿಗೆ ಇಳಿಬಿಡುವ ನನ್ನ ಸಲಹೆ ಅಲ್ಲಿಗಲ್ಲ.

ಮರಳಿದ ಮೇಲೆ

ದೋಣಿ, ಲಂಗರು, ಜಾಕೆಟ್ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ರೀಲಿಗೆ ರಭಸದ ನೀರು ಬಿಡಬೇಡಿ, ಉಪ್ಪು ಇನ್ನೂ ಒಳಗೆ ಹೋಗುತ್ತದೆ; ಡ್ರ್ಯಾಗ್ ಬಿಗಿ ಮಾಡಿ ಹನಿಸಿ ತೊಳೆದು, ಒಣಗಿದ ಮೇಲೆ ಸಡಿಲಿಸಿ ಇಡಿ. ಕಯಾಕನ್ನು ಕಾರಿನ ಮೇಲೆ ಬಿಸಿಲಿನಲ್ಲಿ ಬಿಗಿದು ಬಿಟ್ಟರೆ ಪಟ್ಟಿ ಕೂತ ಕಡೆ ಒಡಲು ಒಳಗೆ ತಗ್ಗುತ್ತದೆ. ಮನೆಯಲ್ಲಿ ನೆರಳಿನಲ್ಲಿ, ಮಗ್ಗುಲಾಗಿ ಒರಗಿಸಿಡಿ. ಒಡಲಿನ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿ ನೋಡಿ. ಒಂದು ಲೋಟಕ್ಕಿಂತ ಹೆಚ್ಚು ನೀರಿದ್ದರೆ ಮುಂದಿನ ಸಲ ಹೊರಡುವ ಮೊದಲು ನೀವು ಕೊರೆದ ತೂತುಗಳನ್ನೇ ಒಂದೊಂದಾಗಿ ಪರೀಕ್ಷಿಸಿ.